ಮೊದಲು ಕಣ್ಣು, ಆಮೇಲೆ ಟೆಲಿಸ್ಕೋಪ್: ಆಕಾಶ ನೋಡಲು ಶುರು ಮಾಡುವುದು ಹೇಗೆ?

ಖಗೋಳ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿದ ಹೊಸತರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. ‘ಯಾವ ಟೆಲಿಸ್ಕೋಪ್ ತಗೊಳ್ಳಲಿ?’ ನನ್ನ ಉತ್ತರವೂ ಒಂದೇ. ಸದ್ಯಕ್ಕೆ ಯಾವುದೂ ಬೇಡ. ಆರು ತಿಂಗಳು ಬರಿಗಣ್ಣಲ್ಲಿ ನೋಡಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮಂದವಾದ ಕೆಂಪು ಟಾರ್ಚ್, ಒರಗಿ ಕೂರಲು ಒಂದು ಕುರ್ಚಿ. ಇಷ್ಟಿದ್ದರೆ ಸಾಕು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಕೈಗೆ ಮೊದಲು ಬಂದಿದ್ದು ಟೆಲಿಸ್ಕೋಪೇ. ಡಬ್ಬದ ಮೇಲೆ ‘500 ಪಟ್ಟು’ ಎಂದು ದೊಡ್ಡದಾಗಿ ಬರೆದಿತ್ತು. ಬೆರಳು ತಾಗಿದರೂ ಅದರ ಸ್ಟ್ಯಾಂಡ್ ನಡುಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಅದನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೂರು ರಾತ್ರಿ ಒದ್ದಾಡಿ ಅದನ್ನು ಪಕ್ಕಕ್ಕಿಟ್ಟೆ. ಕುರ್ಚಿ ಹಾಕಿಕೊಂಡು ಸುಮ್ನೆ ಮೇಲೆ ನೋಡತೊಡಗಿದೆ. ನಿಜವಾದ ಕಲಿಕೆ ಶುರುವಾಗಿದ್ದು ಆಗ.

ರಾತ್ರಿ ಯಾವುದು, ಜಾಗ ಯಾವುದು

ನಕ್ಷತ್ರ ನೋಡಲು ಅಮಾವಾಸ್ಯೆಯ ಆಚೀಚೆಯ ಒಂದೊಂದು ವಾರ ಒಳ್ಳೆಯದು. ಹುಣ್ಣಿಮೆ ಹತ್ತಿರವಾದರೆ ಚಂದ್ರನ ಬೆಳಕೇ ಆಕಾಶವನ್ನೆಲ್ಲ ತುಂಬಿಬಿಡುತ್ತದೆ, ಸಣ್ಣ ನಕ್ಷತ್ರಗಳು ಅದರಲ್ಲಿ ಮುಳುಗಿಹೋಗುತ್ತವೆ. ಸೂರ್ಯ ಮುಳುಗಿದ ಕೂಡಲೇ ಪೂರ್ತಿ ಕತ್ತಲಾಗುವುದಿಲ್ಲ ಅನ್ನುವುದೂ ನೆನಪಿರಲಿ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆಯೇ ಸಂಜೆಬೆಳಕು ಪೂರ್ತಿ ಆರುವುದು. ಮಳೆ ಬಂದು ಬಿಟ್ಟ ಮೇಲಿನ ರಾತ್ರಿ ಸಿಕ್ಕರೆ ಬಿಡಬೇಡಿ. ಗಾಳಿಯಲ್ಲಿರುವ ದೂಳು ತೊಳೆದುಹೋಗಿ ಆಕಾಶ ಕನ್ನಡಿಯ ಹಾಗಿರುತ್ತದೆ.

ಊರಾಚೆ ಹೋಗಲು ಆಗದಿದ್ದರೂ ಬೇಸರ ಬೇಡ. ದೂರದ ದೀಪಕ್ಕಿಂತ ನೇರವಾಗಿ ಕಣ್ಣಿಗೆ ಹೊಡೆಯುವ ದೀಪ ಜಾಸ್ತಿ ಹಾಳು ಮಾಡುತ್ತದೆ. ಒಂದು ಗೋಡೆಯ ನೆರಳಿನಲ್ಲೋ ನೀರಿನ ಟ್ಯಾಂಕಿನ ಮರೆಯಲ್ಲೋ ಕೂತರೆ ಅರ್ಧ ಕೆಲಸ ಆಯಿತು. ಮುಖ್ಯವಾದದ್ದು ಇನ್ನೊಂದಿದೆ. ಪ್ರತಿ ಸಲವೂ ಅದೇ ಜಾಗಕ್ಕೆ ಬನ್ನಿ. ಆಕಾಶದಲ್ಲಿ ಏನು ಬದಲಾಯಿತು ಎಂದು ತಿಳಿಯಬೇಕಾದರೆ ನೆಲ ಬದಲಾಗಬಾರದು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಕಣ್ಣಿಗೆ ಅರ್ಧ ಗಂಟೆ ಕೊಡಿ

ಬೆಳಕಿನಿಂದ ಕತ್ತಲೆಗೆ ಬಂದಾಗ ಕಣ್ಣಿನ ಪಾಪೆ ಬೇಗ ಹಿಗ್ಗುತ್ತದೆ. ಆದರೆ ಅಸಲಿ ಕೆಲಸ ನಡೆಯುವುದು ಕಣ್ಣಿನ ಹಿಂಭಾಗದ ಪರದೆಯಲ್ಲಿ. ಅಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳಿವೆ, ಅವನ್ನು ರಾಡ್‌ಗಳು ಎನ್ನುತ್ತಾರೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕು ಬಿದ್ದಾಗ ಒಡೆಯುತ್ತದೆ, ಕತ್ತಲಲ್ಲಿ ಮೆಲ್ಲಗೆ ಮತ್ತೆ ಕೂಡುತ್ತದೆ. ಇದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಾದು ಕೂತವರ ಕಣ್ಣಿಗೆ, ಬಂದಾಗ ಖಾಲಿ ಕಂಡ ಜಾಗದಲ್ಲೂ ನಕ್ಷತ್ರಗಳು ಒಂದೊಂದಾಗಿ ಮೂಡುತ್ತವೆ. ಮಧ್ಯೆ ಒಮ್ಮೆ ಫೋನ್ ತೆರೆದು ಮೆಸೇಜ್ ನೋಡಿದರೆ ಎಲ್ಲ ಮೊದಲಿನಿಂದ.

ಕೆಂಪು ಟಾರ್ಚ್ ಯಾಕೆ ಅಂದರೆ, ಕಡುಗೆಂಪು ಬೆಳಕಿಗೆ ಆ ರಾಡ್‌ಗಳು ಹೆಚ್ಚು ಸ್ಪಂದಿಸುವುದಿಲ್ಲ. ಮಾಮೂಲಿ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆಯನ್ನು ಎರಡು ಮೂರು ಪದರ ಕಟ್ಟಿದರೂ ಆಯಿತು. ಕೆಂಪಾಗಿದ್ದರೆ ಸಾಲದು, ಮಂದವಾಗಿಯೂ ಇರಬೇಕು. ನೋಟ್‌ಬುಕ್ಕಿನ ಅಕ್ಷರ ಕಂಡರೆ ಸಾಕು.

ರಾಡ್‌ಗಳ ಬಗ್ಗೆ ಇನ್ನೊಂದು ವಿಷಯ. ನಾವು ನೇರವಾಗಿ ದಿಟ್ಟಿಸಿದಾಗ ಬಿಂಬ ಬೀಳುವ ನಟ್ಟನಡುವಿನ ಜಾಗದಲ್ಲಿ ಅವು ಇಲ್ಲ. ಅವು ದಟ್ಟವಾಗಿರುವುದು ಅದರ ಸುತ್ತ. ಆದ್ದರಿಂದ ಮಸುಕಾದ ವಸ್ತುವನ್ನು ನೇರವಾಗಿ ನೋಡಿದರೆ ಅದು ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ಇದನ್ನು ಕೃತ್ತಿಕೆ ಎಂಬ ನಕ್ಷತ್ರಗಳ ಗುಂಪಿನ ಮೇಲೆ ಪರೀಕ್ಷಿಸಿ. ಮೊದಲ ನೋಟಕ್ಕೆ ಅದು ಒಂದು ಮಂಜಿನ ತುಣುಕು. ನೇರವಾಗಿ ಎಣಿಸಿ, ಎಷ್ಟು ಬಂತು ಬರೆದುಕೊಳ್ಳಿ. ಆಮೇಲೆ ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಗಮನವನ್ನು ಮಾತ್ರ ಅಲ್ಲೇ ಇಟ್ಟು ಎಣಿಸಿ. ಸಾಮಾನ್ಯವಾಗಿ ಆರು ಸಿಗುತ್ತವೆ. ಕತ್ತಲು ಚೆನ್ನಾಗಿದ್ದು ಕಣ್ಣು ಪಳಗಿದರೆ ಅದಕ್ಕಿಂತ ಜಾಸ್ತಿ. ಅದೇ ಜಾಗದಲ್ಲಿ ಬೇರೆ ಬೇರೆ ರಾತ್ರಿ ಎಣಿಸಿದ ಈ ಸಂಖ್ಯೆಯೇ ಆ ರಾತ್ರಿಯ ಆಕಾಶ ಎಷ್ಟು ತಿಳಿಯಾಗಿತ್ತು ಅನ್ನುವುದರ ಅಳತೆಯೂ ಆಗುತ್ತದೆ.

ಅಳತೆಗೆ ಕೈ ಸಾಕು

ಆಕಾಶದಲ್ಲಿ ‘ಒಂದಡಿ ಮೇಲೆ’, ‘ಎರಡಡಿ ಪಕ್ಕಕ್ಕೆ’ ಎಂದರೆ ಅರ್ಥವಿಲ್ಲ. ಅಲ್ಲಿ ಕೋನವೇ ಅಳತೆ. ಕೈಯನ್ನು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5 ಡಿಗ್ರಿ. ಬಿಗಿ ಮುಷ್ಟಿ 10 ಡಿಗ್ರಿ. ಬೆರಳು ಹರಡಿ ಗೇಣು ಹಿಡಿದರೆ 20ರಿಂದ 25 ಡಿಗ್ರಿ. ಮಕ್ಕಳ ಕೈ ಸಣ್ಣದು, ತೋಳೂ ಅಷ್ಟೇ ಗಿಡ್ಡ. ಹಾಗಾಗಿ ಲೆಕ್ಕ ಎಲ್ಲರಿಗೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಚಂದ್ರನನ್ನು ಕಿರುಬೆರಳಲ್ಲಿ ಮುಚ್ಚಿ ನೋಡಿ. ಪೂರ್ತಿ ಮುಚ್ಚಿದ ಮೇಲೂ ಬೆರಳು ಮಿಗುತ್ತದೆ, ಯಾಕೆಂದರೆ ಅವನ ಅಗಲ ಬರೀ ಅರ್ಧ ಡಿಗ್ರಿ.

ಕೈಯ ಅಳತೆ ಸರಿಯಿದೆಯೇ ಎಂದು ನೋಡಲು ಸಪ್ತರ್ಷಿ ಮಂಡಲಕ್ಕಿಂತ ಒಳ್ಳೆಯ ಸ್ಕೇಲ್ ಇಲ್ಲ. ಅದರ ಏಳು ನಕ್ಷತ್ರಗಳು ಸೇರಿ ಸೌಟಿನ ಹಾಗೆ ಕಾಣುತ್ತವೆ. ಆ ಸೌಟಿನ ಬಟ್ಟಲಿನ ಹೊರ ಅಂಚಿನ ಎರಡು ನಕ್ಷತ್ರಗಳು ಪುಲಹ ಮತ್ತು ಕ್ರತು. ಅವುಗಳ ನಡುವೆ ಮೂರು ಬೆರಳು ಕೂರುತ್ತವೆ. ಕ್ರತುವಿನಿಂದ ಬಟ್ಟಲಿನ ಇನ್ನೊಂದು ಮೂಲೆಯ ಅತ್ರಿಗೆ ಒಂದು ಮುಷ್ಟಿ. ಕ್ರತುವಿನಿಂದ ಹಿಡಿಯ ತುದಿಯ ಮರೀಚಿಗೆ ಒಂದು ಪೂರ್ತಿ ಗೇಣು. ಹಿಡಿಯ ನಡುವೆ ಇರುವ ವಸಿಷ್ಠನ ಪಕ್ಕ ಅಂಟಿಕೊಂಡಂತೆ ಸಣ್ಣ ಅರುಂಧತಿ. ಇವೆರಡನ್ನು ಬಿಡಿಸಿ ನೋಡಲು ಆದರೆ ನಿಮ್ಮ ಕಣ್ಣು ಚೆನ್ನಾಗಿದೆ ಎಂದರ್ಥ.

ಈಗ ದಿಕ್ಕು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು ಅದೇ ನೇರಕ್ಕೆ ಐದು ಪಟ್ಟು ಮುಂದೆ ಹೋದರೆ ಧ್ರುವ ನಕ್ಷತ್ರ. ಅದು ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ, ಅದು ಎರಡನೇ ದರ್ಜೆಯ ಸಾದಾ ನಕ್ಷತ್ರ. ಅದರ ಹೆಚ್ಚುಗಾರಿಕೆ ಬೆಳಕಿನಲ್ಲಿಲ್ಲ, ಜಾಗದಲ್ಲಿದೆ. ದಿಗಂತದಿಂದ ಅದು ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ನೀವು ನಿಂತ ಜಾಗದ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ಎರಡು ಮುಷ್ಟಿ ಎತ್ತರ ಇದ್ದರೆ ನೀವು ಸುಮಾರು 20 ಡಿಗ್ರಿ ಉತ್ತರದಲ್ಲಿದ್ದೀರಿ. ಸಮಭಾಜಕ ವೃತ್ತಕ್ಕೆ ಹತ್ತಿರವಾದಂತೆ ಅದು ದಿಗಂತದ ಮಬ್ಬಿನಲ್ಲಿ ಕಳೆದುಹೋಗುತ್ತದೆ. ದಕ್ಷಿಣ ಗೋಳಾರ್ಧದವರಿಗೆ ಧ್ರುವ ನಕ್ಷತ್ರವೇ ಇಲ್ಲ. ಅವರು ತ್ರಿಶಂಕು ಪುಂಜದ ಉದ್ದನೆಯ ಗೆರೆಯನ್ನು ನಾಲ್ಕೂವರೆ ಪಟ್ಟು ಮುಂದುವರಿಸಿ ದಕ್ಷಿಣ ಧ್ರುವದ ಜಾಗ ಹುಡುಕುತ್ತಾರೆ.

ಭೂಮಿಯ ಎಲ್ಲ ಜನವಸತಿಗೂ ಕಾಣುವ ಗುರುತು ಒಂದಿದೆ, ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ಸೊಂಟಪಟ್ಟಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ ಕಾಣುವ, ಒಂದೇ ಸಾಲಿನ ಮೂರು ನಕ್ಷತ್ರಗಳು. ಅದು ಆಕಾಶದ ಸಮಭಾಜಕ ಗೆರೆಯ ಮೇಲೇ ಇರುವುದರಿಂದ ಎಲ್ಲಿಂದ ನೋಡಿದರೂ ಸರಿಸುಮಾರು ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತದೆ. ಪಟ್ಟಿಯ ಗೆರೆಯನ್ನು ಒಂದು ಕಡೆ ಹಿಡಿದು ಹೋದರೆ ಲುಬ್ಧಕ, ರಾತ್ರಿಯ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಇನ್ನೊಂದು ಕಡೆ ಹೋದರೆ ರೋಹಿಣಿ, ಅದನ್ನು ದಾಟಿದರೆ ಕೃತ್ತಿಕೆ. ಹೀಗೆ ಗೊತ್ತಿರುವ ಒಂದರಿಂದ ಗೊತ್ತಿಲ್ಲದ ಇನ್ನೊಂದಕ್ಕೆ ನಡೆಯುತ್ತ ಹೋಗಿ. ವಾರಕ್ಕೆ ಒಂದು ಪುಂಜ ಗುರುತಾದರೆ ಸಾಕು, ಅವಸರ ಬೇಡ.

ಫೋನಿನ ಆ್ಯಪ್ ಬಳಸಬಾರದಾ? ಧಾರಾಳವಾಗಿ ಬಳಸಿ. ಸ್ಟೆಲೇರಿಯಂ ಎಂಬ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಉಚಿತವಾಗಿ ಹಾಕಿಕೊಳ್ಳಬಹುದು. ಆದರೆ ಹೊರಗೆ ಹೋಗುವ ಮೊದಲೇ ಅದನ್ನು ನೋಡಿ, ಇವತ್ತು ಹುಡುಕುವುದು ಏನು ಎಂದು ಬರೆದುಕೊಂಡು ಹೋಗಿ. ಆಕಾಶದ ಕೆಳಗೆ ನಿಂತು ಪರದೆಯನ್ನೇ ನೋಡುತ್ತಿದ್ದರೆ ಕಣ್ಣೂ ಹಾಳು, ಕಲಿಕೆಯೂ ಹಾಳು.

ಗೋಡೆಯಂಚಿನ ಪ್ರಯೋಗ

ಇದು ನನಗೆ ತುಂಬ ಇಷ್ಟದ ಕೆಲಸ. ಎಲ್ಲ ವಿದ್ಯಾರ್ಥಿಗಳಿಗೂ ಮೊದಲು ಇದನ್ನೇ ಮಾಡಿಸಬೇಕು ಅನಿಸುತ್ತದೆ.

ದಕ್ಷಿಣದ ಕಡೆಗೆ ಮುಖ ಮಾಡಿ, ನೆಟ್ಟಗೆ ನಿಂತ ಒಂದು ಗೋಡೆಯಂಚನ್ನೋ ಕಂಬವನ್ನೋ ಆರಿಸಿಕೊಳ್ಳಿ. ಅದು ಹತ್ತಿಪ್ಪತ್ತು ಮೀಟರ್ ದೂರ ಇರಲಿ. ನಿಮ್ಮ ಕಣ್ಣು ಪ್ರತಿದಿನ ಒಂದೇ ಜಾಗದಲ್ಲಿರಬೇಕು. ಕಿಟಕಿಯ ಸರಳಿಗೆ ಕಾಗದ ಅಂಟಿಸಿ ಅದರಲ್ಲಿ ಒಂದು ತೂತು ಮಾಡಿದರೆ ಸುಲಭ. ಆ ತೂತಿನಿಂದ ನೋಡುತ್ತ, ಅಂಚಿನ ಕಡೆಗೆ ಬರುತ್ತಿರುವ ಒಂದು ಪ್ರಕಾಶದ ನಕ್ಷತ್ರ ಹಿಡಿಯಿರಿ. ಮೊದಲು ಅದು ನಿಂತೇ ಇದೆ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಅಂಚಿಗೂ ಅದಕ್ಕೂ ನಡುವಿನ ಕತ್ತಲ ಸಂದು ಕಿರಿದಾಗಿರುವುದು ಕಾಣುತ್ತದೆ. ಆಮೇಲೆ ಕೂದಲೆಳೆಯಷ್ಟು. ಕೊನೆಗೆ ಒಂದೇ ಸಲ, ದೀಪ ಆರಿಸಿದ ಹಾಗೆ, ನಕ್ಷತ್ರ ಇಲ್ಲ. ಗಡಿಯಾರ ನೋಡಿ ಸೆಕೆಂಡ್ ಸಮೇತ ಬರೆದುಕೊಳ್ಳಿ. ನೀವು ಈಗ ನೋಡಿದ್ದು ನಕ್ಷತ್ರದ ಓಟವಲ್ಲ, ನಿಮ್ಮ ಕಾಲಡಿಯ ಭೂಮಿ ತಿರುಗಿದ್ದು. ಗಂಟೆಗೆ 15 ಡಿಗ್ರಿ.

ಮರುದಿನ ಅದೇ ತೂತು, ಅದೇ ನಕ್ಷತ್ರ. ಅದು ಸುಮಾರು 4 ನಿಮಿಷ ಮುಂಚೆಯೇ ಮಾಯವಾಗುತ್ತದೆ, ಕರಾರುವಾಕ್ಕಾಗಿ ಹೇಳಬೇಕೆಂದರೆ 3 ನಿಮಿಷ 56 ಸೆಕೆಂಡ್. ಭೂಮಿ ತನ್ನ ಸುತ್ತ ಒಂದು ಸಲ ಪೂರ್ತಿ ತಿರುಗಲು 24 ಗಂಟೆ ಬೇಡ, 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು ಸೂರ್ಯನ ಸುತ್ತಲೂ ಒಂದಿಷ್ಟು ಮುಂದೆ ಸರಿದಿರುತ್ತದೆ. ಸೂರ್ಯನನ್ನು ಮತ್ತೆ ಅದೇ ನೇರಕ್ಕೆ ತರಲು ಆ ನಾಲ್ಕು ನಿಮಿಷ ಹೆಚ್ಚಿಗೆ ತಿರುಗಬೇಕು. ದಿನಕ್ಕೆ 4 ನಿಮಿಷ ಎಂದರೆ ತಿಂಗಳಿಗೆ 2 ಗಂಟೆ, ವರ್ಷಕ್ಕೆ 24 ಗಂಟೆ. ಚಳಿಗಾಲದ ಸಂಜೆ ಮೂಡುವ ಮಹಾವ್ಯಾಧ ಬೇಸಿಗೆಯ ಹೊತ್ತಿಗೆ ಪಶ್ಚಿಮಕ್ಕೆ ಜಾರುವುದು ಇದೇ ಕಾರಣಕ್ಕೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿದ ವಿಷಯವನ್ನು ಒಂದು ಗೋಡೆ ಮತ್ತು ಒಂದು ಗಡಿಯಾರದಿಂದ ನೀವೇ ಅಳೆದಿರುತ್ತೀರಿ. ಮೂರು ದಿನ ಮೋಡ ಬಂದರೂ ಚಿಂತೆಯಿಲ್ಲ, ನಾಲ್ಕನೇ ದಿನ ನೋಡಿ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿ.

ಬಣ್ಣ, ಬೆಳಕು, ಮಿನುಗು

ನಕ್ಷತ್ರಗಳೆಲ್ಲ ಬಿಳಿ ಅಲ್ಲ. ಮಹಾವ್ಯಾಧನ ಭುಜದಲ್ಲಿರುವ ಆರ್ದ್ರಾ ನಕ್ಷತ್ರ ಕೆಂಡದ ಬಣ್ಣ, ಕಾಲಲ್ಲಿರುವ ರೈಜಲ್ ನೀಲಿ ಛಾಯೆಯ ಬಿಳಿ. ಕೆಂಪು ಎಂದರೆ ತಣ್ಣನೆಯದು, ನೀಲಿ ಎಂದರೆ ಬಿಸಿಯದು. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುತ್ತ ಹೋಲಿಸಿ, ಆಗ ವ್ಯತ್ಯಾಸ ಎದ್ದು ಕಾಣುತ್ತದೆ. ಈ ಆರ್ದ್ರಾ 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ಅದು ಹೊರಗೆ ಉಗುಳಿದ ವಸ್ತು ದೂಳಾಗಿ ಬೆಳಕಿಗೆ ಅಡ್ಡ ಬಂದಿತ್ತು.

ಬೆಳಕಿನ ದರ್ಜೆಯನ್ನು ಕಾಂತಿಮಾನ ಎನ್ನುತ್ತಾರೆ. ಅಂಕಿ ಕಡಿಮೆಯಾದಷ್ಟೂ ಬೆಳಕು ಜಾಸ್ತಿ. ಕತ್ತಲಿನ ಜಾಗದಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗೆ ಕಾಣುತ್ತದೆ. 1ಕ್ಕೂ 6ಕ್ಕೂ ನಡುವೆ ಬೆಳಕಿನಲ್ಲಿ ನೂರು ಪಟ್ಟು ವ್ಯತ್ಯಾಸ. ಲುಬ್ಧಕನಂತಹವು ಸೊನ್ನೆಗಿಂತಲೂ ಕೆಳಗೆ ಹೋಗುತ್ತವೆ, ಅದರದು ಮೈನಸ್ 1.46.

ನಕ್ಷೆಯಲ್ಲಿ ಇಲ್ಲದ ಜಾಗದಲ್ಲಿ ಪ್ರಕಾಶದ ಚುಕ್ಕೆಯೊಂದು ಮಿನುಗದೆ ನಿಂತಿದ್ದರೆ ಅದು ಗ್ರಹ ಇರಬೇಕು. ಸೂರ್ಯ ಚಂದ್ರರು ಸಾಗುವ ದಾರಿಯ ಆಸುಪಾಸಿನಲ್ಲೇ ಗ್ರಹಗಳೂ ಇರುತ್ತವೆ. ಮಿನುಗದೆ ಒಂದೇ ಸಮ ಹರಿದು ಕೆಲವೇ ನಿಮಿಷದಲ್ಲಿ ಆಕಾಶ ದಾಟಿದರೆ ಅದು ಉಪಗ್ರಹ, ಬಣ್ಣದ ದೀಪ ಮಿಟುಕಿಸಿದರೆ ವಿಮಾನ.

ಬೈನಾಕ್ಯುಲರ್ ಹಿಡಿದ ಮೇಲೆ

ಆ ಆರು ತಿಂಗಳಾದ ಮೇಲೆ 7×50 ಅಥವಾ 10×50 ಬೈನಾಕ್ಯುಲರ್ ತೆಗೆದುಕೊಳ್ಳಬಹುದು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು, ಎರಡನೆಯದು ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂದು. ಇದಕ್ಕಿಂತ ಜಾಸ್ತಿ ಪಟ್ಟಿನದು ಕೈಯಲ್ಲಿ ನಿಲ್ಲುವುದಿಲ್ಲ. ಮೊಣಕೈಯನ್ನು ಗೋಡೆಯ ಮೇಲೋ ಕುರ್ಚಿಯ ಕೈಯ ಮೇಲೋ ಊರಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಎಂದೂ ಮರೆಯಬಾರದು. ಬೈನಾಕ್ಯುಲರನ್ನಾಗಲಿ ಟೆಲಿಸ್ಕೋಪನ್ನಾಗಲಿ ಸೂರ್ಯನ ಕಡೆಗೆ ಹಿಡಿದು ನೋಡಲೇಬಾರದು. ಒಂದು ಕ್ಷಣ ಸಾಕು, ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಮೊದಲು ಚಂದ್ರ. ಹುಣ್ಣಿಮೆ ಚಂದ್ರ ಬೇಡ, ಅವನ ಮೇಲೆ ನೆರಳೇ ಇರುವುದಿಲ್ಲ. ಅಮಾವಾಸ್ಯೆಯಾಗಿ ಐದಾರು ದಿನಕ್ಕೆ ನೋಡಿ. ಬೆಳಕೂ ಕತ್ತಲೆಯೂ ಸೇರುವ ಗೆರೆಯ ಉದ್ದಕ್ಕೂ ಕುಳಿಗಳು ಕೆತ್ತಿದ ಹಾಗೆ ಎದ್ದು ನಿಂತಿರುತ್ತವೆ. ಅಲ್ಲಿ ಒಂದಕ್ಕೊಂದು ಅಂಟಿದ ಮೂರು ದೊಡ್ಡ ಕುಳಿಗಳಲ್ಲಿ ಥಿಯೋಫಿಲಸ್ ಒಂದು. ಅದರ ಅಗಲ ಸುಮಾರು 100 ಕಿಲೋಮೀಟರ್. ಆ ಗೆರೆ ಚಂದ್ರನ ಸಮಭಾಜಕದ ಮೇಲೆ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಸರಿಯುತ್ತದೆ, ಅಂದರೆ ಸೈಕಲ್ ಹೊಡೆಯುವಷ್ಟೇ ವೇಗ. ಗೆರೆಯಾಚೆಯ ಕತ್ತಲಲ್ಲಿ ಒಂಟಿಯಾಗಿ ಬೆಳಗುವ ಚುಕ್ಕೆ ಕಂಡರೆ ಗುರುತು ಹಾಕಿಕೊಳ್ಳಿ. ಅದು ಬೆಟ್ಟದ ತುದಿ. ಬುಡಕ್ಕೆ ಇನ್ನೂ ಬೆಳಗಾಗಿಲ್ಲ, ತುದಿಗೆ ಬಿಸಿಲು ಬಿದ್ದಿದೆ. ಎರಡು ಗಂಟೆ ಬಿಟ್ಟು ಮತ್ತೆ ನೋಡಿ, ಚುಕ್ಕೆ ದಪ್ಪವಾಗಿರುತ್ತದೆ.

ಆಮೇಲೆ ಗುರು. ಗಟ್ಟಿಯಾಗಿ ಊರಿ ಹಿಡಿದರೆ ಅದರ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. 1610ರ ಜನವರಿ 7ರಂದು ಗೆಲಿಲಿಯೋ ಇವನ್ನು ಮೂರು ನಕ್ಷತ್ರ ಎಂದೇ ಬರೆದುಕೊಂಡ. ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮರುದಿನ ಮೂರೂ ಪಶ್ಚಿಮಕ್ಕಿದ್ದವು. 9ರಂದು ಮೋಡ. 10ರಂದು ಎರಡೇ, ಅದೂ ಪೂರ್ವಕ್ಕೆ. 13ರಂದು ನಾಲ್ಕು. ಅವು ಗುರುವಿನ ಸುತ್ತ ತಿರುಗುವ ಚಂದ್ರರು ಎಂದು ಅವನಿಗೆ ಹೊಳೆದಿದ್ದು ಒಂದು ರಾತ್ರಿಯ ನೋಟದಿಂದಲ್ಲ, ಸಾಲಾಗಿ ಬರೆದಿಟ್ಟ ಚಿತ್ರಗಳಿಂದ. ನೀವೂ ಹಾಗೇ ಮಾಡಿ. ನಡುವೆ ಒಂದು ವೃತ್ತ, ಆಚೀಚೆ ಚುಕ್ಕೆಗಳು, ಪಕ್ಕದಲ್ಲಿ ತಾರೀಕು ಮತ್ತು ಸಮಯ. ಹತ್ತು ರಾತ್ರಿಯ ಚಿತ್ರ ಒಂದರ ಕೆಳಗೊಂದು ಬಂದಾಗ ಚುಕ್ಕೆಗಳು ಆಚೆಯಿಂದ ಈಚೆಗೆ ಉಯ್ಯಾಲೆಯಾಡುವುದು ಕಾಣುತ್ತದೆ. ಒಳಗಿನ ಅಯೋ 42 ಗಂಟೆಯಲ್ಲೇ ಒಂದು ಸುತ್ತು ಮುಗಿಸುತ್ತದೆ. ಹೊರಗಿನ ಕ್ಯಾಲಿಸ್ಟೋಗೆ ಹದಿನಾರು ದಿನಕ್ಕೂ ಜಾಸ್ತಿ ಬೇಕು.

ಕತ್ತಲು ಚೆನ್ನಾಗಿರುವ ರಾತ್ರಿ ಆಂಡ್ರೊಮೀಡಾ ಗ್ಯಾಲಕ್ಸಿ ಹುಡುಕಿ. ಬರಿಗಣ್ಣಿಗೆ ಕಾಣುವ ಅತಿ ದೂರದ ವಸ್ತುಗಳಲ್ಲಿ ಅದೊಂದು. ಬೈನಾಕ್ಯುಲರ್‌ನಲ್ಲಿ ಒಂದು ಉದ್ದನೆಯ ಮಂಜಿನ ಕಲೆ, ಅಷ್ಟೆ. ಫೋಟೊಗಳಲ್ಲಿ ಕಾಣುವ ಬಣ್ಣ ಸುರುಳಿ ಯಾವುದೂ ಇರುವುದಿಲ್ಲ. ಆದರೆ ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಗಿದೆ. ಅದು ನಿಮ್ಮ ಕಣ್ಣಿಗೇ ಬಂದು ತಾಗಿತಲ್ಲ, ಯಾವ ಫೋಟೊ ಅದಕ್ಕೆ ಸಮ?

ನೋಟ್‌ಬುಕ್ ಮತ್ತು ಟೆಲಿಸ್ಕೋಪ್

ನೋಟ್‌ಬುಕ್ಕಿನಲ್ಲಿ ತಾರೀಕು, ಸಮಯ, ಜಾಗ, ಆಕಾಶ ಹೇಗಿತ್ತು, ಯಾವುದರಿಂದ ನೋಡಿದಿರಿ, ಏನು ಕಂಡಿತು ಇಷ್ಟು ಬರಲಿ. ಕಾಣದೇ ಇದ್ದದ್ದನ್ನೂ ಬರೆಯಿರಿ. ಪೆನ್ನು ಬೇಡ, ಇಬ್ಬನಿ ಬಿದ್ದ ಹಾಳೆಯ ಮೇಲೆ ಶಾಯಿ ಹರಡುತ್ತದೆ. ಬೆಳಿಗ್ಗೆ ನೆನಪಿನಿಂದ ತಿದ್ದಲು ಹೋಗಬೇಡಿ. ತಪ್ಪಿದ್ದರೆ ಪಕ್ಕದಲ್ಲಿ ಬೇರೆ ಟಿಪ್ಪಣಿ ಹಾಕಿ, ಮೊದಲು ಬರೆದಿದ್ದು ಹಾಗೇ ಇರಲಿ.

ಇಷ್ಟೆಲ್ಲ ಆದ ಮೇಲೂ ಟೆಲಿಸ್ಕೋಪ್ ಬೇಕು ಅನಿಸಿದರೆ ಆಗ ತೆಗೆದುಕೊಳ್ಳಿ. ಆರಿಂಚಿನ ಕನ್ನಡಿಯ ಡಾಬ್ಸೋನಿಯನ್, ಅಂದರೆ ಸರಳವಾದ ತಿರುಗು ಪೀಠದ ಮೇಲೆ ಕೂರುವ ಟೆಲಿಸ್ಕೋಪ್, ಒಳ್ಳೆಯ ಆಯ್ಕೆ. ಕನ್ನಡಿಯ ಅಗಲ ನೋಡಿ, ಪಟ್ಟು ನೋಡಬೇಡಿ. ಒಂದು ಮಿಲಿಮೀಟರ್ ಅಗಲಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದರೆ ಬಿಂಬ ಬರೀ ಮಬ್ಬಾಗುತ್ತದೆ. 60 ಮಿಲಿಮೀಟರ್‌ನದಕ್ಕೆ 120 ಪಟ್ಟೇ ಮಿತಿ. ನನ್ನ ಡಬ್ಬದ ಮೇಲಿದ್ದ 500ರ ಬೆಲೆ ಎಷ್ಟು ಎಂದು ನನಗೆ ಗೊತ್ತಾಗಿದ್ದು ಈ ಲೆಕ್ಕ ಕಲಿತ ಮೇಲೆ.

ಬರಿಗಣ್ಣಿನ ಒಂದು ದೊಡ್ಡ ಕೆಲಸ

ಪರ್ಸಿಯಸ್ ಪುಂಜದಲ್ಲಿ ಅಲ್ಗಾಲ್ ಎಂಬ ನಕ್ಷತ್ರವಿದೆ. ಅದರ ಕಾಂತಿಮಾನ ಸಾಮಾನ್ಯವಾಗಿ 2.1. ಆದರೆ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ 3.4ಕ್ಕೆ ಇಳಿಯುತ್ತದೆ, ಅಂದರೆ ಬೆಳಕು ಮೂರನೇ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಇಳಿಯಲು ಸುಮಾರು ಐದು ಗಂಟೆ, ಏರಲು ಐದು ಗಂಟೆ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ, ಮಂಕಾದದ್ದು ಪ್ರಕಾಶದ್ದರ ಎದುರಿಗೆ ಬಂದಾಗ ನಮಗೆ ಬೆಳಕು ತಗ್ಗುತ್ತದೆ. ಈ ಕಾಲದ ಲೆಕ್ಕವನ್ನು ಹಿಡಿದು, ಎದುರಿಗೆ ಏನೋ ಅಡ್ಡ ಬರುತ್ತಿರಬಹುದು ಎಂದು 1783ರಲ್ಲಿ ಹೇಳಿದವನು ಜಾನ್ ಗುಡ್‌ರಿಕ್. ಅವನಿಗೆ ಆಗ 18 ವರ್ಷ, ಕಿವಿ ಕೇಳಿಸುತ್ತಿರಲಿಲ್ಲ.

ಮಾಡುವುದು ಹೀಗೆ. ಅಕ್ಕಪಕ್ಕದಲ್ಲಿ ಕಾಂತಿಮಾನ ಗೊತ್ತಿರುವ ಮೂರು ನಕ್ಷತ್ರ ಇಟ್ಟುಕೊಳ್ಳಿ: ಮಿರ್ಫಕ್ 1.8, ಅಲ್ಮಾಕ್ 2.1, ಡೆಲ್ಟಾ ಪರ್ಸಿ 3.0. ಪ್ರತಿ ಅರ್ಧ ಗಂಟೆಗೊಮ್ಮೆ ಅಲ್ಗಾಲ್ ಯಾವುದಕ್ಕಿಂತ ಮಂಕು, ಯಾವುದಕ್ಕಿಂತ ಪ್ರಕಾಶ ಎಂದು ಹೋಲಿಸಿ ಅಂದಾಜು ಅಂಕಿ ಬರೆಯಿರಿ. ಹಿಂದಿನ ಅಂಕಿಯನ್ನು ಮುಚ್ಚಿಡಿ, ಇಲ್ಲದಿದ್ದರೆ ಕಣ್ಣಿಗಿಂತ ಮೊದಲು ಮನಸ್ಸು ಉತ್ತರ ಹೇಳಿಬಿಡುತ್ತದೆ. ಹೆಚ್ಚಿನ ರಾತ್ರಿಗಳಲ್ಲಿ ಅದು ಅಲ್ಮಾಕ್‌ಗೆ ಸಮವಾಗೇ ಇರುತ್ತದೆ, ಏನೂ ಆಗುವುದಿಲ್ಲ. ಒಂದು ರಾತ್ರಿ ಅದು ಡೆಲ್ಟಾ ಪರ್ಸಿಗಿಂತಲೂ ಮಂಕಾಗಿ ಕಾಣುತ್ತದೆ. ಅತಿ ಮಂಕಾಗಿದ್ದ ಸಮಯವನ್ನು ಗುರುತು ಹಾಕಿಕೊಂಡು, ಮೂರು ದಿನ ಕೂಡಿಸಿ, 3 ಗಂಟೆ 11 ನಿಮಿಷ ಕಳೆಯಿರಿ. ಆ ರಾತ್ರಿ ಆ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ನಿಮ್ಮ ಕುರ್ಚಿಯಲ್ಲಿ ಕೂತಿರಿ.